ಕೊಟ್ಟದ್ದು ಮತ್ತು ಕಸಿದದ್ದು: ನಾ. ಡಿಸೋಜರ ಕಥಾಸಾಹಿತ್ಯದಲ್ಲಿ ತ್ಯಾಗದ ಪ್ರಶ್ನೆ

ನಾ. ಡಿಸೋಜ ಅವರು 2025ರ ಜನವರಿ 5ರಂದು, ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕನ್ನಡ ನಾಡು ಅವರನ್ನು ‘ಮುಳುಗಡೆಯ ಸಾಹಿತಿ’ ಎಂದು ಸ್ಮರಿಸಿತು. ನಮ್ಮ ಸಭೆಗಳು ಅವರನ್ನು ಕನ್ನಡದ ಹಿರಿಯ ಕ್ರೈಸ್ತ ಲೇಖಕರೆಂದು ಸ್ಮರಿಸಿದವು. ಈ ಎರಡು ಬಿರುದುಗಳು ಒಂದನ್ನೊಂದು ತಾಕದೆ ಬೇರೆ ಬೇರೆಯಾಗಿಯೇ ಉಳಿದಿವೆ. ಅವರ ಕೃತಿಗಳಲ್ಲಿ ಕ್ರೈಸ್ತತ್ವವನ್ನು ಹುಡುಕುವವರು ಇಗರ್ಜಿ, ಪಾದ್ರಿ, ಕೊಂಕಣಿ ಕ್ರೈಸ್ತ ಮನೆಗಳ ಬದುಕು ಇರುವ ಕಾದಂಬರಿಗಳತ್ತ ಹೋಗುತ್ತಾರೆ. ಮುಳುಗಡೆಯ ಕಥೆಗಳನ್ನು ಪರಿಸರವಾದಿಗಳಿಗೂ ಸಮಾಜಶಾಸ್ತ್ರಜ್ಞರಿಗೂ ಬಿಟ್ಟುಕೊಡುತ್ತಾರೆ. ಈ ಹಂಚಿಕೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅವರ ಬರಹದಲ್ಲಿ ಸಭೆಯು ಕಲಿಯಬೇಕಾದ ದೈವಶಾಸ್ತ್ರವೊಂದಿದ್ದರೆ ಅದು ಇಗರ್ಜಿಯ ಅಂಗಳಕ್ಕಿಂತ ಹೆಚ್ಚಾಗಿ ಹಿನ್ನೀರಿನ ದಡದಲ್ಲಿದೆ. ತ್ಯಾಗವೆಂದರೇನು, ಬಲಿಯೆಂದರೇನು, ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಏಕೆ ಪಾಪ ಎಂಬುದೇ ಆ ಕಲಿಕೆ.

ಮೊದಲಿಗೆ ಅವರು ನಿಂತು ಬರೆದ ಸ್ಥಳವನ್ನು ಗಮನಿಸೋಣ. 1937ರಲ್ಲಿ ಸಾಗರದಲ್ಲಿ ಹುಟ್ಟಿದ ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಹಿಡಿದು, ಶರಾವತಿ ಯೋಜನೆಯ ದಿನಗಳಲ್ಲಿ ಅಲ್ಲಿಯ ಕಚೇರಿಯಲ್ಲಿದ್ದರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮಲೆನಾಡಿನ ಎಷ್ಟೋ ಹಳ್ಳಿಗಳು, ಅಡಿಕೆ ತೋಟಗಳು, ಗದ್ದೆಗಳು, ದೇವಸ್ಥಾನಗಳು ನೀರಿನಡಿ ಸೇರಿದವು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿನ ನಗರಗಳನ್ನು ಬೆಳಗಿತು. ಒಡ್ಡು ಏಳುವುದನ್ನೂ ಊರು ಇಳಿಯುವುದನ್ನೂ ಡಿಸೋಜರು ಒಂದೇ ಮೇಜಿನಿಂದ ಕಂಡರು. ಪರಿಹಾರದ ಕಡತ ಒಂದು ಕೊಠಡಿಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ನದಿ ಎಷ್ಟು ಅಡಿ ಏರುತ್ತದೆ ಎಂಬುದು ಅವರಿಗೆ ಹೊರಗಿನವರ ಹೇಳಿಕೆಯಿಂದ ತಿಳಿದದ್ದಲ್ಲ.

ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮತ್ತಾಯನು ಸುಂಕದ ಕಟ್ಟೆಯಿಂದ ಎದ್ದು ಬಂದವನೆಂದು ಸುವಾರ್ತೆ ಹೇಳುತ್ತದೆ. ಲೆಕ್ಕದ ಪುಸ್ತಕ ಹಿಡಿದ ಕೈಯೇ ಸುವಾರ್ತೆಯನ್ನೂ ಬರೆಯಿತೆಂದು ಸಭೆಯ ಪರಂಪರೆ ನಂಬುತ್ತದೆ. ಡಿಸೋಜರು ಕಟ್ಟೆಯಿಂದ ಏಳಲಿಲ್ಲ. ಅಲ್ಲಿಯೇ ಕುಳಿತು ಬರೆದರು. ಆದ್ದರಿಂದ ಅವರ ಮುಳುಗಡೆಯ ಕಥೆಗಳಲ್ಲಿ ಅಧಿಕಾರಿಯು ರಾಕ್ಷಸನಾಗಿ ಬರುವುದಿಲ್ಲ. ಅನ್ಯಾಯವು ನಿಯಮದ ಮೂಲಕ, ಸಹಿಯ ಮೂಲಕ, ವಿಳಂಬದ ಮೂಲಕ, ಎಷ್ಟೋ ವೇಳೆ ಒಳ್ಳೆಯ ಮನಸ್ಸಿನ ಜನರ ಮೂಲಕವೇ ನಡೆಯುತ್ತದೆ. ರಚನೆಯ ಪಾಪವೆಂದು ನಾವು ತರಗತಿಗಳಲ್ಲಿ ಕಷ್ಟಪಟ್ಟು ವಿವರಿಸುವುದನ್ನು ಅವರ ಕಥೆಗಳು ಸದ್ದಿಲ್ಲದೆ ತೋರಿಸುತ್ತವೆ.

‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಎಂಬ ಕಾದಂಬರಿಗಳು ಈ ಅನುಭವದಿಂದ ಹುಟ್ಟಿದವು. ಇವುಗಳಲ್ಲಿ ‘ದ್ವೀಪ’ ಗಾತ್ರದಲ್ಲಿ ಚಿಕ್ಕದು, ಪ್ರಭಾವದಲ್ಲಿ ದೊಡ್ಡದು. ಗಣಪಯ್ಯ, ಅವನ ಹೆಂಡತಿ ನಾಗವೇಣಿ, ವೃದ್ಧನಾದ ದುಗ್ಗಜ್ಜ, ಇವರದು ಸೀತಾಪರ್ವತದ ಆಸರೆಯ ಒಂದು ರೈತ ಕುಟುಂಬ. ಪರಿಹಾರ ಪಡೆದ ನೆರೆಯವರು ಒಬ್ಬೊಬ್ಬರಾಗಿ ಊರು ಬಿಡುತ್ತಾರೆ. ಪರಿಹಾರದ ಮಾತು ನೆಲೆಗೊಳ್ಳದ ಈ ಮನೆ ಉಳಿಯುತ್ತದೆ. ಮಳೆ ಹಿಡಿಯುತ್ತದೆ, ಸುತ್ತ ನೀರು ಏರುತ್ತದೆ, ಹೊಲಮನೆಯಿದ್ದ ನೆಲ ದ್ವೀಪವಾಗುತ್ತದೆ. ನಾಗವೇಣಿಯ ತವರಿನ ಕಡೆಯಿಂದ ನೆರವಿಗೆಂದು ಬಂದ ಕೃಷ್ಣಯ್ಯನನ್ನು ಕಂಡು ಗಣಪಯ್ಯನ ಮನಸ್ಸಿನಲ್ಲಿ ಸಂಶಯ ಮೂಡುತ್ತದೆ. ಹೊರಗಿನ ನೀರು ಮನೆಯನ್ನು ಊರಿನಿಂದ ಬೇರ್ಪಡಿಸಿದಂತೆ ಒಳಗಿನ ಸಂಶಯವು ಗಂಡನನ್ನು ಹೆಂಡತಿಯಿಂದ ಬೇರ್ಪಡಿಸುತ್ತದೆ.

ಇಲ್ಲಿ ಸತ್ಯವೇದದ ಓದುಗರಿಗೆ ನಾಬೋತನ ದ್ರಾಕ್ಷಿತೋಟ ನೆನಪಾಗದಿರದು. ಅರಸನಾದ ಅಹಾಬನು ಮೊದಲು ಬಂದದ್ದು ಪರಿಹಾರದ ಮಾತಿನೊಂದಿಗೆ ಎಂಬುದನ್ನು ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಮರೆಯುತ್ತವೆ. ಇದಕ್ಕಿಂತ ಒಳ್ಳೆಯ ತೋಟವನ್ನಾಗಲಿ ಸಲ್ಲತಕ್ಕ ಹಣವನ್ನಾಗಲಿ ಕೊಡುವೆನೆಂದು ಅವನು ಹೇಳಿದ್ದನು. ನ್ಯಾಯವಾದ ಕ್ರಯವೇ ಇರಬಹುದು. ಆದರೆ ಪಿತೃಗಳಿಂದ ಬಂದ ನೆಲಕ್ಕೆ ಕ್ರಯವೆಂಬುದಿಲ್ಲ ಎಂದು ನಾಬೋತನು ತಿಳಿದಿದ್ದನು. ಗಣಪಯ್ಯನ ಸ್ಥಿತಿ ನಾಬೋತನದಕ್ಕಿಂತ ದಾರುಣವಾದದ್ದು. ಒಲ್ಲೆನೆನ್ನುವ ಅವಕಾಶವೇ ಅವನಿಗಿಲ್ಲ. ನಾಬೋತನಿಗೆ ಎದುರಾದದ್ದು ಒಬ್ಬ ಅರಸನ ಆಸೆ. ಗಣಪಯ್ಯನಿಗೆ ಎದುರಾದದ್ದು ನಾಡಿನ ಹಿತ. ಆಸೆಯನ್ನು ಖಂಡಿಸಲು ಎಲೀಯನು ಬಂದನು. ಹಿತವನ್ನು ಪ್ರಶ್ನಿಸಲು ಯಾರು ಬರುತ್ತಾರೆ?

ಈ ಪ್ರಶ್ನೆ ನಮಗೆ ಪುಸ್ತಕದ ಪುಟದಿಂದ ಎದ್ದು ಬಂದದ್ದು ಕಲಬುರಗಿಯಲ್ಲಿ. ರೋಜಾ ಬಡಾವಣೆಯ ಒಂದು ಮನೆಯ ಮಾಳಿಗೆಯ ಮೇಲೆ, ಬೇಸಿಗೆಯ ಸಂಜೆಗಳಲ್ಲಿ, ಹತ್ತಾರು ಹರೆಯದವರೊಂದಿಗೆ ನಾವು ‘ದ್ವೀಪ’ವನ್ನು ಓದಿದೆವು. ಖಾಜಾ ಬಂದೇನವಾಜರ ದರ್ಗಾದ ನೆರಳಿನ ಈ ಭಾಗದಲ್ಲಿ ನಮ್ಮ ಸಭೆಯ ಮಕ್ಕಳಿಗಿಂತ ನೆರೆಯ ಮುಸ್ಲಿಂ ಮನೆಗಳ ಮಕ್ಕಳೇ ಓದಿಗೆ ಹೆಚ್ಚು ಬಂದರು. ಮಲೆನಾಡಿನ ಮಳೆ ಅವರಿಗೆ ಕಥೆಯ ಮಾತು. ನೀರೆಂದರೆ ಅವರಿಗೆ ನಳ ಬರುವ ಹೊತ್ತು, ಕೊಡಗಳ ಸಾಲು, ಟ್ಯಾಂಕರು. ನೀರು ಹೆಚ್ಚಾಗಿ ಮನೆ ಮುಳುಗುವ ಕಥೆಯನ್ನು ನೀರಿಲ್ಲದ ಊರಿನ ಮಕ್ಕಳು ಹೇಗೆ ಓದಿಯಾರು ಎಂಬ ಅಳುಕು ನಮಗಿತ್ತು.

ಅವರು ಓದಿದ ರೀತಿ ನಮ್ಮನ್ನು ತಿದ್ದಿತು. ಕಮಲಾಪುರದ ಕಡೆಯಿಂದ ಬಂದು ನಗರದಲ್ಲಿ ಓದುತ್ತಿದ್ದ ಹುಡುಗನೊಬ್ಬನ ಅಜ್ಜಿಯ ಹೊಲ ಬಹು ಹಿಂದೆ ಒಂದು ಹಿನ್ನೀರಿನಡಿ ಸೇರಿತ್ತು. ಅವನು ಊರಿಗೆ ಹೋದಾಗ ಅಜ್ಜಿಗೆ ಗಣಪಯ್ಯನ ಕಥೆ ಹೇಳಿ, ನೀವೂ ನಾಡಿಗಾಗಿ ಹೊಲ ತ್ಯಾಗ ಮಾಡಿದಿರಲ್ಲವೇ ಎಂದು ಕೇಳಿದನಂತೆ. ಶಾಲೆಯ ಪಾಠದಲ್ಲಿ ಅವನು ಕಲಿತ ಶಬ್ದ ಅದು. ಅಜ್ಜಿ ಹೇಳಿದ್ದು ಇಷ್ಟೇ: “ನಾವ್ ಕೊಟ್ಟಿಲ್ಲಪ್ಪ, ಅವ್ರು ಒಯ್ದಾರ.” ಮರುವಾರ ಅವನು ಆ ಮಾತನ್ನು ನಮಗೆ ಒಪ್ಪಿಸಿ ಸುಮ್ಮನಾದನು. ಆಗ ರೋಜಾದ ಹುಡುಗಿಯೊಬ್ಬಳು, “ಹಂಗಾದ್ರ ನಮ್ಮ ನಳದಾಗ ಬರೋ ನೀರು ಯಾರ ಹೊಲದ ಮ್ಯಾಲಿಂದ ಬರ್ತದರಿ?” ಎಂದು ಕೇಳಿದಳು. ಕಲಬುರಗಿ ನಗರಕ್ಕೆ ಕುಡಿಯುವ ನೀರು ಭೀಮಾ ನದಿಯಿಂದಲೂ ಬೆಣ್ಣೆತೊರಾ ಜಲಾಶಯದಿಂದಲೂ ಬರುತ್ತದೆ. ಜಲಾಶಯವೆಂದರೆ ಒಂದು ಕಾಲದಲ್ಲಿ ನೆಲವಾಗಿದ್ದ ಜಾಗ. ಬಾಯಾರಿದವರೂ ನಿರಪರಾಧಿಗಳಲ್ಲವೆಂಬ ಕಷ್ಟದ ಸತ್ಯವನ್ನು ಆ ಮಗು ನಮ್ಮ ಮುಂದಿಟ್ಟಿತು. ಡಿಸೋಜರ ಕಾದಂಬರಿ ಮಾಡಬೇಕಾದ ಕೆಲಸವನ್ನು ಮಾಡಿತ್ತು.

ಅಜ್ಜಿಯ ಮಾತು ದೈವಶಾಸ್ತ್ರದ ಮಾತು. ಯೋಹಾನನ ಸುವಾರ್ತೆಯಲ್ಲಿ ಮಹಾಯಾಜಕನಾದ ಕಾಯಫನು ಒಂದು ಸಲಹೆ ಕೊಡುತ್ತಾನೆ. ಇಡೀ ಜನಾಂಗ ನಾಶವಾಗುವುದಕ್ಕಿಂತ ಒಬ್ಬನು ಜನರಿಗೋಸ್ಕರ ಸಾಯುವುದು ಹಿತವೆಂಬುದು ಅದರ ಸಾರ. ಈ ವಾದದಲ್ಲಿ ದ್ವೇಷವಿಲ್ಲ, ಲೆಕ್ಕವಿದೆ, ಆಡಳಿತದ ವಿವೇಕವಿದೆ. ಬಹುಜನರ ಬೆಳಕಿಗಾಗಿ ಕೆಲವು ಊರುಗಳು ಎಂಬ ವಾದವೂ ಇದೇ ಅಚ್ಚಿನದು. ಅದೇ ಸುವಾರ್ತೆಯಲ್ಲಿ ಯೇಸುವು ತನ್ನ ಪ್ರಾಣವನ್ನು ಯಾರೂ ತನ್ನಿಂದ ತೆಗೆದುಕೊಳ್ಳುವುದಿಲ್ಲ, ತಾನಾಗಿಯೇ ಕೊಡುತ್ತೇನೆ ಎಂಬರ್ಥದ ಮಾತನ್ನಾಡುತ್ತಾನೆ. ಸಾವು ಒಂದೇ, ಅದಕ್ಕೆ ಎರಡು ವ್ಯಾಕರಣಗಳು. ಕಾಯಫನದು ಮತ್ತೊಬ್ಬನನ್ನು ಕೊಡುವ ವ್ಯಾಕರಣ. ಕ್ರಿಸ್ತನದು ತನ್ನನ್ನು ಕೊಡುವ ವ್ಯಾಕರಣ. ಕಸಿದದ್ದನ್ನು ಕೊಟ್ಟದ್ದೆಂದು ಹೊಗಳುವಾಗ ನಾವು ಕಾಯಫನ ಲೆಕ್ಕಕ್ಕೆ ಕ್ರಿಸ್ತನ ಹೆಸರನ್ನು ಅಂಟಿಸುತ್ತೇವೆ. ಸಂತ್ರಸ್ತರ ತ್ಯಾಗವನ್ನು ಮರೆಯಲಾಗದು ಎಂಬ ವೇದಿಕೆಯ ಮಾತು ಎಷ್ಟೋ ವೇಳೆ ಪರಿಹಾರದ ಬದಲಿಗೆ ಕೊಡುವ ಗೌರವವಷ್ಟೇ. ಡಿಸೋಜರ ಮುಳುಗಡೆಯ ಕಥೆಗಳು ಆ ಗೌರವವನ್ನು ನಿರಾಕರಿಸುತ್ತವೆ. ‘ದ್ವೀಪ’ದ ಕುಟುಂಬವನ್ನು ಹುತಾತ್ಮರನ್ನಾಗಿ ಮಾಡುವುದಿಲ್ಲ, ನಷ್ಟಹೊಂದಿದ, ಭಯಗೊಂಡ, ಒಬ್ಬರ ಮೇಲೊಬ್ಬರು ಸಿಡುಕುವ ಮನುಷ್ಯರನ್ನಾಗಿಯೇ ಉಳಿಸುತ್ತದೆ.

ಮುಳುಗಡೆ ಎಂಬ ಶಬ್ದವೇ ನಮ್ಮನ್ನು ಕೆಣಕಬೇಕು. ದೀಕ್ಷಾಸ್ನಾನವೂ ಒಂದು ಮುಳುಗು. ಅಲ್ಲಿ ಇಳಿದವನೇ ಏಳುತ್ತಾನೆ. ಕ್ರಿಸ್ತನೊಂದಿಗೆ ಹೂಣಲ್ಪಟ್ಟವನೇ ಕ್ರಿಸ್ತನೊಂದಿಗೆ ಎಬ್ಬಿಸಲ್ಪಡುತ್ತಾನೆಂದು ಪೌಲನು ಬೋಧಿಸುತ್ತಾನೆ. ಅಣೆಕಟ್ಟಿನ ಹಿಂದೆ ಹಾಗಲ್ಲ. ಇಳಿಯುವುದು ಒಬ್ಬರ ಊರು, ಏಳುವುದು ಇನ್ನೊಬ್ಬರ ಊರು. ನೀರಿನ ಸಂಸ್ಕಾರದಿಂದ ಹುಟ್ಟಿದ ಸಭೆಯೊಂದು ಈ ವ್ಯತ್ಯಾಸವನ್ನು ಕಾಣದೆ ಹೋದರೆ ತನ್ನ ಸಂಸ್ಕಾರವನ್ನೇ ಅರಿಯದವಳಾಗುತ್ತಾಳೆ.

ಡಿಸೋಜರು ಮಕ್ಕಳಿಗಾಗಿಯೂ ಬಹಳ ಬರೆದರು. ದೊಡ್ಡವರಿಗೆ ಬರೆದ ಮೇಲೆ ಉಳಿದ ಬಿಡುವಿನಲ್ಲಿ ಮಾಡಿದ ಕೆಲಸವಾಗಿ ಅದನ್ನು ಕಾಣುವುದು ತಪ್ಪು. ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲ ಸಾಹಿತ್ಯ ಪುರಸ್ಕಾರ 2011ರಲ್ಲಿ ಅವರಿಗೆ ಸಂದದ್ದು ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕಾದಂಬರಿಗೆ. ದೊಡ್ಡವರಿಗೆ ಹೇಳಿದ ಮುಳುಗಡೆಯನ್ನೇ ಅವರು ಮಕ್ಕಳ ಮುಂದೆಯೂ ಇಟ್ಟರು. ಅದರ ಶೀರ್ಷಿಕೆಯ ಕ್ರಿಯಾಪದವನ್ನು ನೋಡಿ. ಸಂತ್ರಸ್ತರ ಕಥೆ ಯಾವಾಗಲೂ ಹೋದವರ ಕಥೆ, ಇಲ್ಲಿ ಬಂದವರಿದ್ದಾರೆ. ನಷ್ಟವಾದ ಮೇಲೆ ಹುಟ್ಟಿದ ಪೀಳಿಗೆಗೆ ಮುಳುಗಡೆ ನೆನಪಲ್ಲ, ಬಂದು ತಿಳಿಯಬೇಕಾದ ಸ್ಥಳ. ಮಗುವನ್ನು ಆ ದಡಕ್ಕೆ ಕರೆತರುವುದೇ ಒಂದು ನೈತಿಕ ನಿರ್ಧಾರ.

ನಮ್ಮ ಭಾನುವಾರದ ಶಾಲೆಗಳ ಅಭ್ಯಾಸವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ನೋಹನ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ನಾವೆಯನ್ನೂ ಜೋಡಿ ಜೋಡಿ ಪ್ರಾಣಿಗಳನ್ನೂ ಮುಗಿಲುಬಿಲ್ಲನ್ನೂ ಬಣ್ಣದಲ್ಲಿ ಬರೆಸುತ್ತೇವೆ. ನಾವೆಯ ಹೊರಗಿದ್ದವರ ಚಿತ್ರ ಯಾವ ಹಾಳೆಯಲ್ಲಿಯೂ ಇರುವುದಿಲ್ಲ. ಮಕ್ಕಳು ಹೆದರುತ್ತಾರೆಂಬುದು ನಾವು ಕೊಡುವ ಕಾರಣ. ಆದರೆ ಮಕ್ಕಳು ಆ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಉತ್ತರವಿಲ್ಲದೆ ಹೆದರುವವರು ನಾವು. ಮಗುವಿಗೆ ಸರಳವಾಗಿ ಹೇಳುವುದು ಬೇರೆ, ಸುಳ್ಳಾಗಿ ಹೇಳುವುದು ಬೇರೆ. ಯೇಸುವು ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿದ್ದು ಅದಕ್ಕೆ ಪಾಠ ಹೇಳುವುದಕ್ಕಲ್ಲ, ದೊಡ್ಡವರಾರು ಎಂದು ಜಗಳಾಡುತ್ತಿದ್ದವರಿಗೆ ಪಾಠ ಹೇಳುವುದಕ್ಕೆ. ರೋಜಾದ ಮಾಳಿಗೆಯ ಮೇಲೆ ನಮಗಾದದ್ದೂ ಅದೇ.

ಹರೆಯದವರ ವಿಷಯ ಪ್ರತ್ಯೇಕ. ಕನ್ನಡದಲ್ಲಿ ಹದಿಹರೆಯದವರಿಗೆಂದೇ ಬರೆದ ಕಥಾಸಾಹಿತ್ಯ ವಿರಳ. ‘ಚಂದಮಾಮ’ವನ್ನು ಬಿಟ್ಟ ಕೈ ನೇರವಾಗಿ ವಾರಪತ್ರಿಕೆಯ ಧಾರಾವಾಹಿಯನ್ನು ಹಿಡಿಯುತ್ತಿತ್ತು. ಒಂದೆರಡು ಸಂಜೆಗಳಲ್ಲಿ ಓದಿ ಮುಗಿಸಬಹುದಾದ, ತಿಳಿಯಾದ ಭಾಷೆಯ ‘ದ್ವೀಪ’ದಂಥ ಕಾದಂಬರಿ ಆ ನಡುವಿನ ಹೊಳೆಗೆ ಕಾಲುಸಂಕವಾಗುತ್ತದೆ. ನಮ್ಮ ಓದಿನಲ್ಲಿ ಹದಿನೈದು ಹದಿನಾರರ ವಯಸ್ಸಿನವರು ಹೆಚ್ಚು ಹೊತ್ತು ನಿಂತದ್ದು ಅಣೆಕಟ್ಟಿನ ಬಳಿಯಲ್ಲಲ್ಲ, ಗಣಪಯ್ಯನ ಸಂಶಯದ ಬಳಿ. ಎಲ್ಲವನ್ನೂ ಕಳೆದುಕೊಂಡ ಮನುಷ್ಯನು ತನ್ನೊಡನೆ ಉಳಿದವಳನ್ನೇ ಏಕೆ ನೋಯಿಸುತ್ತಾನೆ? ಈ ಪ್ರಶ್ನೆಗೆ ಅವರು ತಮ್ಮ ತಮ್ಮ ಮನೆಗಳಿಂದ ಉತ್ತರ ತಂದರು. ಅವನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಅನ್ಯಾಯವು ಮೇಲಿನಿಂದ ಇಳಿಯುತ್ತಾ ಬಂದು ಮನೆಯೊಳಗಿನ ಅತ್ಯಂತ ದುರ್ಬಲರ ಮೇಲೆ ನಿಲ್ಲುತ್ತದೆ ಎಂಬುದನ್ನು ಅವರು ನಮ್ಮಿಂದ ಕಲಿಯಬೇಕಾಗಿರಲಿಲ್ಲ.

ಗಿರೀಶ ಕಾಸರವಳ್ಳಿಯವರು ಇದೇ ಕೃತಿಯನ್ನು ಆಧರಿಸಿ ಮಾಡಿದ ‘ದ್ವೀಪ’ ಚಲನಚಿತ್ರಕ್ಕೆ ರಾಷ್ಟ್ರಮಟ್ಟದ ಶ್ರೇಷ್ಠ ಕಥಾಚಿತ್ರವೆಂಬ ಸ್ವರ್ಣಕಮಲ ಸಂದಿತು. ಸೌಂದರ್ಯ ಅವರು ನಟಿಸಿ ನಿರ್ಮಿಸಿದ ಆ ಚಿತ್ರದ ಮುಕ್ತಾಯವನ್ನು ದೈವಶಾಸ್ತ್ರದ ವಿದ್ಯಾರ್ಥಿಗಳು ಕಡ್ಡಾಯವಾಗಿ ನೋಡಬೇಕು. ಮಳೆ ನೀರಿನೊಡನೆ ರಾತ್ರಿಯಿಡೀ ಸೆಣಸಿ ಬದುಕನ್ನು ಉಳಿಸಿಕೊಂಡವಳು ನಾಗಿ. ಬೆಳಗಾದಾಗ ಗಂಡನು ಆ ಉಳಿವನ್ನು ದೇವರ ಕೃಪೆಯ ಖಾತೆಗೆ ಬರೆಯುತ್ತಾನೆ. ಅವಳ ದುಡಿಮೆಗೆ ಸಾಕ್ಷಿ ಅವಳ ಮೌನ ಮಾತ್ರ. ಕೃಪೆಯೊಂದರಿಂದಲೇ ರಕ್ಷಣೆ ಎಂದು ಬೋಧಿಸುವ ನಮಗೆ ಈ ದೃಶ್ಯ ಎಚ್ಚರಿಕೆಯಾಗಿದೆ. ದೇವರ ಮಹಿಮೆಯ ಹೆಸರಿನಲ್ಲಿ ಹೆಂಗಸಿನ ಕೈಯನ್ನು ಅಳಿಸುವ ಸ್ತೋತ್ರವನ್ನು ದೇವರು ಅಂಗೀಕರಿಸುವನೇ? ವಿಮೋಚನಾಕಾಂಡವು ಶಿಶುಗಳನ್ನು ಉಳಿಸಿದ ಇಬ್ಬರು ಸೂಲಗಿತ್ತಿಯರ ಹೆಸರುಗಳನ್ನು ಬರೆದಿಟ್ಟು, ಫರೋಹನನ್ನು ಹೆಸರಿಲ್ಲದೆ ಬಿಟ್ಟಿದೆ. ಉಳಿಸಿದವರ ಹೆಸರು ಹೇಳುವುದು ಕೃಪೆಗೆ ವಿರೋಧವಲ್ಲವೆಂಬುದಕ್ಕೆ ಇಷ್ಟು ಸಾಕು.

ಈ ಮೆಚ್ಚುಗೆಯ ನಡುವೆ ಎರಡು ಆಕ್ಷೇಪಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಒಂದನೆಯದು, ‘ದ್ವೀಪ’ದ ಕಣ್ಣು ಮುಖ್ಯವಾಗಿ ನೆಲವುಳ್ಳ ಮನೆಯ ಮೇಲಿದೆ. ಪರಿಹಾರವೆಂಬುದು ಪಹಣಿಯಲ್ಲಿ ಹೆಸರಿದ್ದವರಿಗೆ ಸಿಗುವಂಥದು. ಆ ನೆಲವನ್ನು ಉತ್ತು ಬಿತ್ತಿದ ಕೂಲಿಯವರು ಏನನ್ನು ಕಳೆದುಕೊಂಡರೆಂಬುದಕ್ಕೆ ಕಡತವೇ ಇಲ್ಲ. ಕಥೆಯೂ ಅವರನ್ನು ಬೇಗನೆ ದಾಟಿ ಮುಂದಕ್ಕೆ ಹೋಗುತ್ತದೆ. ಬೀದರ–ಕಲಬುರಗಿ ಸೀಮೆಯ ನಮ್ಮ ಹಳ್ಳಿಯ ಸಭೆಗಳು ಬಹುಮಟ್ಟಿಗೆ ನೆಲವಿಲ್ಲದವರ ಸಭೆಗಳಾಗಿರುವುದರಿಂದ ಈ ಕೊರತೆ ನಮಗೆ ಬೇಗ ಕಾಣುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ ಈ ಸ್ಥಳದಲ್ಲಿ ಪೂರಕ ಓದಾಗಬಲ್ಲದು. ನೆಲದ ಆಸೆಯಿಂದ ಇಗರ್ಜಿಯತ್ತ ಹೊರಟು ಹಿಂದಿರುಗುವ ಚೋಮನು ಸಭೆಗೆ ಕೇಳುವ ಪ್ರಶ್ನೆ ಗಣಪಯ್ಯನ ಪ್ರಶ್ನೆಗಿಂತ ಇನ್ನೂ ತೀಕ್ಷ್ಣವಾದದ್ದು.

ಎರಡನೆಯದು, ಈ ಕಥೆಯಲ್ಲಿ ನಿರೀಕ್ಷೆಯೆಲ್ಲಿ ಎಂಬ ಆಕ್ಷೇಪ. ಕ್ರೈಸ್ತ ಲೇಖಕನೊಬ್ಬನು ಪುನರುತ್ಥಾನದ ಸುಳಿವನ್ನೂ ಕೊಡದೆ ನೀರನ್ನು ಏರಲು ಬಿಡಬಹುದೇ? 88ನೆಯ ಕೀರ್ತನೆಯು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ಅದು ಕೀರ್ತನೆಗಳ ನಡುವೆಯೇ ಇದೆ, ಪ್ರಾರ್ಥನೆಯೆಂದೇ ಎಣಿಸಲ್ಪಡುತ್ತದೆ. ಪ್ರಲಾಪವನ್ನು ಪೂರ್ಣವಾಗಿ ಆಡಲು ಬಿಡದ ನಿರೀಕ್ಷೆಯು ಆತುರದ್ದು. ದುಃಖಿತರ ಬಾಯಿಗೆ ಸ್ತೋತ್ರವನ್ನು ತುರುಕದೆ ಅವರ ಪಕ್ಕದಲ್ಲಿ ಕುಳಿತದ್ದು ಡಿಸೋಜರ ಸಂಯಮ. ಇನ್ನೊಂದು ಮಾತು. ಸೀತಾಪರ್ವತಕ್ಕೆ ಕೈಮುಗಿಯುವ ಆ ಮನೆಯ ದೇವರು ಬೇರೆ, ಆಚಾರ ಬೇರೆ. ಅವರನ್ನು ಕಾಪಾಡಲು ಲೇಖಕನು ಕಥೆಯೊಳಗೆ ಪಾದ್ರಿಯನ್ನು ಕಳಿಸುವುದಿಲ್ಲ; ಅವರ ದುಃಖವನ್ನು ಅವರದೇ ದುಃಖವಾಗಿ ಬರೆಯುತ್ತಾನೆ. ನೆರೆಯವನಾರೆಂಬ ಪ್ರಶ್ನೆಗೆ ಇದೊಂದು ಉತ್ತರ.

ಈ ಉತ್ತರಕ್ಕೆ ಕಲಬುರಗಿಯಲ್ಲಿಯೇ ಒಂದು ಹಳೆಯ ನಂಟಿದೆ. 1949ರಲ್ಲಿ ಇಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ನೆರೆಯವನ ನುಡಿಯನ್ನು ಕಾಪಾಡುವುದು ತಮ್ಮ ಕರೆಯ ಭಾಗವೆಂದು ಅವರು ಬಗೆದಿದ್ದರು. ಅರವತ್ತೈದು ವರ್ಷಗಳ ತರುವಾಯ, 2014ರಲ್ಲಿ, ಮಡಿಕೇರಿಯ 80ನೆಯ ಸಮ್ಮೇಳನಕ್ಕೆ ಡಿಸೋಜರು ಅಧ್ಯಕ್ಷರಾದರು. ಒಬ್ಬರು ನೆರೆಯವನ ನುಡಿಯನ್ನು ಕೂಡಿಸಿದರು. ಇನ್ನೊಬ್ಬರು ನೆರೆಯವನ ನಷ್ಟವನ್ನು ದಾಖಲಿಸಿದರು. ಕನ್ನಡ ಕ್ರೈಸ್ತರು ಈ ನಾಡಿಗೆ ಸಲ್ಲಿಸಿದ್ದೇನೆಂದು ಕೇಳುವವರಿಗೆ ಈ ಎರಡು ಕೆಲಸಗಳನ್ನು ನಾವು ತೋರಿಸಬಹುದು. ಇವೆರಡೂ ಯಾರಿಂದಲೂ ಕಸಿದದ್ದಲ್ಲ.

ಡಿಸೋಜರು ತೀರಿಕೊಂಡ ಆರು ತಿಂಗಳ ಮೇಲೆ, 2025ರ ಜುಲೈಯಲ್ಲಿ, ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ತೆರೆಯಿತು. ದ್ವೀಪವಾಗಿ ಉಳಿದ ಹಳ್ಳಿಗಳ ಜನ ಲಾಂಚಿಗಾಗಿ ಕಾದು ನಿಂತ ಕಾಲ ಮುಗಿಯಲು ಅಣೆಕಟ್ಟು ಮುಗಿದಂದಿನಿಂದ 61 ವರ್ಷಗಳು ಬೇಕಾದವು. ಅವರ ಮರುವಸತಿಯ ನೆಲದ ಹಕ್ಕಿನ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಸೇತುವೆಯ ಸಂತೋಷದಲ್ಲಿ ಪಾಲುಗೊಳ್ಳುವ ಸಭೆ ಈ ಬಾಕಿಯನ್ನೂ ತನ್ನ ಪ್ರಾರ್ಥನೆಯಲ್ಲಿ ಹೆಸರಿಸಬೇಕು.

ನಮ್ಮ ಸೂಚನೆ ದೊಡ್ಡದೇನೂ ಅಲ್ಲ. ‘ದ್ವೀಪ’ವನ್ನು ನಮ್ಮ ಯುವಕೂಟಗಳಲ್ಲಿ ಓದಲಿ, ಮಕ್ಕಳ ಕಾದಂಬರಿಯನ್ನು ಭಾನುವಾರದ ಶಾಲೆಯ ಕಪಾಟಿನಲ್ಲಿ ಇಡಲಿ, ಓದಿದ ಮೇಲೆ ಆ ಊರಿನ ನಳದ ನೀರು ಎಲ್ಲಿಂದ ಬರುತ್ತದೆಂದು ಮಕ್ಕಳೊಡನೆ ವಿಚಾರಿಸಲಿ. ದೀಕ್ಷಾಸ್ನಾನದ ತೊಟ್ಟಿಗೆ ತುಂಬುವ ನೀರೂ ಅದೇ ನಳದ್ದು. ಅದನ್ನು ಕೊಟ್ಟವರಾರು, ಯಾರಿಂದ ಒಯ್ಯಲಾಯಿತು ಎಂದು ತಿಳಿದು ಪ್ರಾರ್ಥಿಸುವುದು ಸಂಸ್ಕಾರಕ್ಕೆ ಕುಂದಲ್ಲ. ರೋಜಾದ ಹುಡುಗಿಯ ಪ್ರಶ್ನೆಗೆ ನಾವು ಆ ಸಂಜೆ ಉತ್ತರ ಕೊಡಲಿಲ್ಲ. ಮುಂದಿನ ಬೇಸಿಗೆಯ ಓದನ್ನು ಆ ಪ್ರಶ್ನೆಯಿಂದಲೇ ಆರಂಭಿಸುತ್ತೇವೆ.